ಔಷಧಿ ಕೊಡದೆ ಮಗು ಹುಷಾರಾಯಿತು. ಹಾಗಾದರೆ ಕರುಳಿನಿಂದ ವೈರಸ್ ಓಡಿಸಿದ್ದು ಯಾರು?

ನಾಪೋಕ್ಲು ಟೀಚರ್ ಕೇಳಿದ್ದು:

ನಾನು ನಾಪೋಕ್ಲು ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದ್ದಾಳೆ. ಅರ್ಧ ಉತ್ತರ ನನ್ನ ಹತ್ತಿರ ಇದೆ. ಇನ್ನರ್ಧಕ್ಕೆ ಇಲ್ಲಿ ಬಂದಿದ್ದೇನೆ.

ಅವಳ ಮನೆಯವರು ಕಾಫಿ ತೋಟದ ಲೈನ್ ಮನೆಯಲ್ಲಿ ಇರುವವರು. ಕಕ್ಕಡದ ಜಡಿಮಳೆ ಹಿಡಿದಿದ್ದಾಗ ಅವಳ ಪುಟ್ಟ ತಮ್ಮನಿಗೆ ವಾಂತಿ ಭೇದಿ ಶುರುವಾಯಿತು. ಪಕ್ಕದ ಮನೆಯ ಕೂಸಿಗೂ ಅದೇ. ಒಂದೇ ಬಾವಿಯ ನೀರು ಕುಡಿಯುವ ದೊಡ್ಡವರಿಗೆ ಏನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ನೋಡಿ, "ಇದು ವೈರಸ್‌ನಿಂದ ಬಂದದ್ದು, ಆಂಟಿಬಯಾಟಿಕ್ ಬೇಡ, ಓಆರ್‌ಎಸ್ ಮತ್ತು ಜಿಂಕ್ ಸಾಕು" ಅಂದರಂತೆ. ಒಂದು ವಾರದೊಳಗೆ ಮಗು ಎದ್ದು ಆಡತೊಡಗಿತು.

ಹುಡುಗಿ ಕೇಳಿದ್ದು ಇದು: "ವೈರಸ್ ಸಾಯಿಸೋ ಔಷಧಿನೇ ಕೊಡಲಿಲ್ಲ ಅಂದ್ಮೇಲೆ ಅದನ್ನ ಓಡಿಸಿದ್ದು ಯಾರು ಟೀಚರ್?"

ಆಂಟಿಬಾಡಿ ಅಂದೆ. ಅವಳು ಬಿಡಲಿಲ್ಲ. "ಹೊಸ ರೋಗಕ್ಕೆ ಆಂಟಿಬಾಡಿ ತಯಾರಾಗೋಕೆ ಸುಮಾರು ದಿನ ಬೇಕು ಅಂತ ನೀವೇ ಹೇಳಿದ್ರಲ್ಲ, ಅಲ್ಲೀವರೆಗೆ ಯಾರು?"

ಇಂಟರ್‌ಫೆರಾನ್ ಅನ್ನುವುದು ಮೊದಲ ಗಂಟೆಗಳಲ್ಲೇ ಕೆಲಸಕ್ಕೆ ಇಳಿಯುತ್ತದೆ ಅಂತ ಬಿ.ಎಸ್ಸಿ.ಯಲ್ಲಿ ಓದಿದ ನೆನಪು. ಕಾಮಾಲೆಗೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದರು, ತಗೊಂಡವರು ಜ್ವರ ಬಂದು ನರಳುತ್ತಿದ್ದರು ಅಂತಲೂ ಕೇಳಿದ್ದೇನೆ. ಕರುಳಿನಲ್ಲೂ ಇದೇ ನಡೆಯುತ್ತದಾ? ನಡೆದರೆ ಅಲ್ಲಿ ಹೇಗೆ? ಒಂಬತ್ತನೇ ಕ್ಲಾಸಿಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳಿ. ಆದರೆ ವಿಷಯವನ್ನು ತೆಳು ಮಾಡಬೇಡಿ. ಅವಳಿಗೆ ಅದು ಗೊತ್ತಾಗಿಬಿಡುತ್ತದೆ.

---

ಕಾಡುಕಿತ್ತಳೆ ಉತ್ತರ:

ಊರು ಪೊನ್ನಂಪೇಟೆ, ಕೆಲಸ ಬೆಂಗಳೂರಿನ ಒಂದು ಲ್ಯಾಬಿನಲ್ಲಿ. ಕರುಳಿನ ಜೀವಕೋಶಗಳನ್ನು ಬೆಳೆಸಿ, ಅವಕ್ಕೆ ವೈರಸ್ ತಗುಲಿಸಿ ಏನಾಗುತ್ತದೆ ಅಂತ ನೋಡುವುದೇ ನನ್ನ ಹೊಟ್ಟೆಪಾಡು. ಆ ಹುಡುಗಿಗೆ ಮೊದಲು ಶಭಾಷ್ ಹೇಳಿಬಿಡಿ ಟೀಚರ್. "ಅಲ್ಲೀವರೆಗೆ ಯಾರು" ಅಂತ ಹುಡುಕುವುದಕ್ಕೇ ನಮಗೆ ಸಂಬಳ ಕೊಡುವುದು.

ಕರುಳಿನ ಒಳಪದರ ಅಂದರೆ ಒಂದೇ ಒಂದು ಸಾಲು ಜೀವಕೋಶ. ಅದರ ಒಂದು ಮಗ್ಗುಲಲ್ಲಿ ಊಟ ಮತ್ತು ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಇನ್ನೊಂದು ಮಗ್ಗುಲಲ್ಲಿ ನಮ್ಮ ರಕ್ತ. ನಡುವೆ ಇರುವುದು ಅಷ್ಟೇ, ಮೇಲೊಂದು ಲೋಳೆ ಬಿಟ್ಟರೆ. ಈ ಪದರದಿಂದ ವಿಲ್ಲಸ್ ಅನ್ನುವ ಸಣ್ಣ ಸಣ್ಣ ಚಾಚುಗಳು ಎದ್ದಿರುತ್ತವೆ. ಪುಟ್ಟ ಮಕ್ಕಳಿಗೆ ಇಂಥ ವಾಂತಿ ಭೇದಿ ತರುವ ವೈರಸ್‌ಗಳಲ್ಲಿ ಮುಖ್ಯವಾದದ್ದು ರೋಟಾವೈರಸ್, ಅದನ್ನೇ ಉದಾಹರಣೆಗೆ ತಗೊಳ್ಳೋಣ. ಅದು ಹೋಗಿ ಕೂರುವುದು ವಿಲ್ಲಸ್‌ನ ತುದಿಯ ಬಲಿತ ಜೀವಕೋಶಗಳಲ್ಲಿ. ನೀರು, ಉಪ್ಪು, ಸಕ್ಕರೆ ಹೀರುವ ಕೆಲಸ ಅವುಗಳದ್ದೇ. ಅವು ಹಾಳಾದರೆ ನೀರು ಒಳಗೆ ಹೋಗುವುದಿಲ್ಲ. ಸಾಲದ್ದಕ್ಕೆ ಎನ್‌ಎಸ್‌ಪಿ4 ಅಂತ ವೈರಸ್‌ನ ಒಂದು ಪ್ರೋಟೀನ್ ಇದೆ, ಅದು ವಿಷದಂತೆ ವರ್ತಿಸಿ ಒಳಗಿನ ಉಪ್ಪು ನೀರನ್ನೂ ಹೊರಗೆ ಹರಿಸುತ್ತದೆ. ಭೇದಿ ಅಂದರೆ ಇದೇ.

ಈಗ ಜೀವಕೋಶದ ಒಳಗೆ ಬನ್ನಿ. ವೈರಸ್ ತನ್ನ ಆರ್‌ಎನ್‌ಎಯನ್ನು ನಕಲು ಮಾಡಲು ಶುರು ಮಾಡಿದ ಕೂಡಲೇ ರಿಗ್-ಐ, ಎಂಡಿಎ5 ಅನ್ನುವ ಪ್ರೋಟೀನುಗಳಿಗೆ ಅದು ಗೊತ್ತಾಗುತ್ತದೆ. ನಮ್ಮ ಜೀವಕೋಶದಲ್ಲಿ ಸಾಮಾನ್ಯವಾಗಿ ಕಾಣದ ರೀತಿಯ ಆರ್‌ಎನ್‌ಎ ಅದು. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟಿ ಐಆರ್‌ಎಫ್3 ಎಂಬ ಪ್ರೋಟೀನಿಗೆ ತಲುಪುತ್ತದೆ. ಅದು ನ್ಯೂಕ್ಲಿಯಸ್‌ಗೆ ಹೋಗಿ ಇಂಟರ್‌ಫೆರಾನ್ ಜೀನನ್ನು ಆನ್ ಮಾಡುತ್ತದೆ. ತಯಾರಾದ ಇಂಟರ್‌ಫೆರಾನ್ ಜೀವಕೋಶದಿಂದ ಹೊರಬಂದು ಅಕ್ಕಪಕ್ಕದ ಜೀವಕೋಶಗಳ ಮೇಲಿರುವ ರಿಸೆಪ್ಟರಿಗೆ, ಅಂದರೆ ಸುದ್ದಿ ಹಿಡಿಯುವ ಪ್ರೋಟೀನಿಗೆ, ಅಂಟಿಕೊಳ್ಳುತ್ತದೆ. ಅಲ್ಲಿ ಸ್ಟ್ಯಾಟ್1, ಸ್ಟ್ಯಾಟ್2 ಎಂಬ ಪ್ರೋಟೀನುಗಳು ಎಚ್ಚರಗೊಂಡು ನೂರಾರು ಜೀನುಗಳನ್ನು ಒಟ್ಟಿಗೆ ಎಬ್ಬಿಸುತ್ತವೆ.

ಇಲ್ಲಿ ಮಕ್ಕಳು, ದೊಡ್ಡವರೂ ಕೂಡ, ಜಾರುವ ಜಾಗ ಒಂದಿದೆ. ಇಂಟರ್‌ಫೆರಾನ್ ವೈರಸ್ಸನ್ನು ಮುಟ್ಟುವುದೇ ಇಲ್ಲ. ಅದು ಬರೀ ಸುದ್ದಿ. ಕೆಲಸ ಮಾಡುವುದು ಅದು ಎಬ್ಬಿಸಿದ ಜೀನುಗಳು. ಪಿಕೆಆರ್ ಅನ್ನುವುದು ಜೀವಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ, ಹಾಗಾಗಿ ವೈರಸ್ಸಿಗೂ ಪ್ರೋಟೀನ್ ಸಿಗುವುದಿಲ್ಲ. ಆರ್‌ಎನ್‌ಏಸ್-ಎಲ್ ಒಳಗಿರುವ ಆರ್‌ಎನ್‌ಎಯನ್ನು ಕತ್ತರಿಸಿ ಹಾಕುತ್ತದೆ. ಹೀಗೆ ಇನ್ನೂ ಎಷ್ಟೋ. ತಾನು ಸಾಯಬಹುದಾದ ಒಂದು ಜೀವಕೋಶ ಸುತ್ತಲಿನವಕ್ಕೆ ಬಾಗಿಲು ಹಾಕಿಕೊಳ್ಳಲು ಸಮಯ ಕೊಡಿಸುತ್ತದೆ.

ಇದನ್ನು ಕಂಡುಹಿಡಿದದ್ದು 1957ರಲ್ಲಿ, ಲಂಡನ್ನಿನಲ್ಲಿ. ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್. ಕೋಳಿಮೊಟ್ಟೆಯೊಳಗಿನ ಪೊರೆಗೆ ಕಾಯಿಸಿ ಕೊಂದ ಫ್ಲೂ ವೈರಸ್ ಹಾಕಿದರು. ಆ ಪೊರೆಯಿಂದ ಹೊರಬಂದ ಏನೋ ಒಂದು ವಸ್ತು, ಬೇರೆ ಪೊರೆಯಲ್ಲಿ ಜೀವಂತ ವೈರಸ್ ಬೆಳೆಯದಂತೆ ತಡೆಯಿತು. ಪ್ರಯೋಗ ಎಷ್ಟು ಸರಳ ನೋಡಿ.

ನೀವು ಹೇಳಿದ ಕಾಮಾಲೆ ಇಂಜೆಕ್ಷನ್ ಆಲ್ಫಾ ಇಂಟರ್‌ಫೆರಾನ್. ಹೆಪಟೈಟಿಸ್ ಬಿ, ಸಿ ಎರಡಕ್ಕೂ ಬಳಸಿದರು. ಆಲ್ಫಾ, ಬೀಟಾ ಅನ್ನುವ ಬಗೆಯ ಇಂಟರ್‌ಫೆರಾನ್‌ಗಳ ರಿಸೆಪ್ಟರ್ ದೇಹದ ಹೆಚ್ಚುಕಮ್ಮಿ ಎಲ್ಲ ಜೀವಕೋಶಗಳಲ್ಲೂ ಇದೆ. ಅದಕ್ಕೇ ಜ್ವರ, ಮೈಕೈ ನೋವು, ಸುಸ್ತು. ಕೆಲವರಿಗೆ ಖಿನ್ನತೆ ಕೂಡ.

ಹಾಗಾದರೆ ಕರುಳು ಏನು ಮಾಡಬೇಕು? ಅದು ದಿನಾ ಬ್ಯಾಕ್ಟೀರಿಯಾದ ಮಧ್ಯೆಯೇ ಬದುಕುತ್ತದೆ. ಸಣ್ಣಪುಟ್ಟ ವೈರಸ್ ಬಂದಾಗಲೆಲ್ಲ ಇಡೀ ದೇಹವನ್ನು ಎಬ್ಬಿಸಿದರೆ ನಾವು ವರ್ಷವೆಲ್ಲ ಮಲಗಿಯೇ ಇರಬೇಕು. 2003ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇನ್ನೊಂದು ಬಗೆಯ ಇಂಟರ್‌ಫೆರಾನ್ ಪತ್ತೆ ಹಚ್ಚಿದವು. ಹೆಸರು ಲ್ಯಾಂಬ್ಡಾ. ಜೀವಕೋಶದ ಒಳಗೆ ಇದೂ ಹೆಚ್ಚುಕಮ್ಮಿ ಅವೇ ಜೀನುಗಳನ್ನು ಎಬ್ಬಿಸುತ್ತದೆ. ವ್ಯತ್ಯಾಸ ಇರುವುದು ರಿಸೆಪ್ಟರಿನಲ್ಲಿ. ಲ್ಯಾಂಬ್ಡಾ ರಿಸೆಪ್ಟರ್ ಮುಖ್ಯವಾಗಿ ಕರುಳು, ಶ್ವಾಸನಾಳ ಇಂಥ ಕಡೆಯ ಒಳಪದರದ ಜೀವಕೋಶಗಳಲ್ಲಿ ಇರುತ್ತದೆ. ಮನುಷ್ಯರಲ್ಲಿ ಲಿವರ್‌ನಲ್ಲೂ ಇದೆ, ನ್ಯೂಟ್ರೋಫಿಲ್‌ನಂಥ ಕೆಲವು ಬಿಳಿರಕ್ತಕಣಗಳಲ್ಲೂ ಇದೆ. ಉಳಿದ ಬಹುಪಾಲು ದೇಹಕ್ಕೆ ಇದರ ಕೂಗು ಕೇಳಿಸುವುದೇ ಇಲ್ಲ.

ಸಿದ್ದಾಪುರ ಕಡೆ ತೋಟಕ್ಕೆ ಆನೆ ಇಳಿದರೆ ಏನು ಮಾಡುತ್ತೇವೆ? ಆ ಸುತ್ತಿನ ಲೈನ್‌ಗಳ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕುತ್ತೇವೆ. ಜಿಲ್ಲೆಗೆಲ್ಲ ಸೈರನ್ ಹೊಡೆದು ಮಡಿಕೇರಿ ಪೇಟೆ ಮುಚ್ಚಿಸುವುದಿಲ್ಲ, ಅಲ್ವಾ? ಲ್ಯಾಂಬ್ಡಾ ಆ ಗ್ರೂಪ್ ಮೆಸೇಜು. ಆಲ್ಫಾ-ಬೀಟಾ ಸೈರನ್ನು.

ಇದು ಸುಮ್ನೆ ಊಹೆ ಅಂದುಕೊಳ್ಳಬೇಡಿ. ಲ್ಯಾಂಬ್ಡಾ ರಿಸೆಪ್ಟರ್ ಇಲ್ಲದ ಇಲಿಗಳಿಗೆ ರೋಟಾವೈರಸ್ ಕೊಟ್ಟಾಗ ಕರುಳಿನಲ್ಲಿ ವೈರಸ್ ಜಾಸ್ತಿಯಾಯಿತು. ಆಲ್ಫಾ-ಬೀಟಾ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಈ ಕೆಲಸ ಬಂದದ್ದು 2011ರಲ್ಲಿ. 2015ರಲ್ಲಿ ನೋರೋವೈರಸ್‌ (ಇದೂ ವಾಂತಿ ಭೇದಿ ತರುವ ವೈರಸ್ಸೇ) ಮೇಲೆ ನಡೆದ ಪ್ರಯೋಗ ಇನ್ನೂ ಚೆನ್ನಾಗಿದೆ. ಇಲಿಗಳ ಕರುಳಿನಲ್ಲಿ ಬೇರೂರಿ ಹೋಗದೆ ಕೂತಿದ್ದ ನೋರೋವೈರಸ್, ಲ್ಯಾಂಬ್ಡಾ ಕೊಟ್ಟಾಗ ಪೂರ್ತಿ ಹೋಯಿತು. ಆಂಟಿಬಾಡಿಯನ್ನಾಗಲಿ ಟಿ-ಜೀವಕೋಶಗಳನ್ನಾಗಲಿ ಮಾಡಲು ಬಾರದ ಇಲಿಗಳಲ್ಲೂ ಹೋಯಿತು! ನಿಮ್ಮ ಹುಡುಗಿಗೆ ತೋರಿಸಬೇಕಾದ ಪ್ರಯೋಗ ಇದು. ಹಾಗಂತ ಆಲ್ಫಾ-ಬೀಟಾ ಕರುಳಿಗೆ ಬೇಡ ಅಂತಲ್ಲ. ವೈರಸ್ ಪದರ ದಾಟಿ ದೇಹದ ಬೇರೆ ಕಡೆ ಹರಡದಂತೆ ನೋಡಿಕೊಳ್ಳುವುದು ಅವೇ. ಎಳೆ ಮರಿಗಳ ಕರುಳಿನ ಪದರವಂತೂ ಎರಡೂ ಬಗೆಗೆ ಓಗೊಡುತ್ತದೆ. ಲ್ಯಾಂಬ್ಡಾ ಕಡೆಗೆ ವಾಲುವುದು ಬೆಳೆದ ಮೇಲೆ.

ಒಂದು ತಕರಾರು ನಾನೇ ಎತ್ತುತ್ತೇನೆ. ಇವೆಲ್ಲ ಇಲಿಗಳ ಕಥೆ. ಮನುಷ್ಯನ ಕರುಳಿನ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಮನುಷ್ಯನದೇ ರೋಟಾವೈರಸ್ ಹಾಕಿದಾಗ, ಜೀವಕೋಶ ಮುಖ್ಯವಾಗಿ ಲ್ಯಾಂಬ್ಡಾ ಜೀನನ್ನೇ ಎಬ್ಬಿಸಿತು. ಆದರೆ ವೈರಸ್ ಅದಕ್ಕೆ ಅಷ್ಟಾಗಿ ಬಗ್ಗಲಿಲ್ಲ. ಇದಕ್ಕೆ ಒಂದು ಕಾರಣ ಇರಬಹುದು. ರೋಟಾವೈರಸ್ ಬರುವಾಗಲೇ ಎನ್‌ಎಸ್‌ಪಿ1 ಎಂಬ ಪ್ರೋಟೀನಿನ ತಯಾರಿ ಮಾಡಿಕೊಂಡೇ ಬಂದಿರುತ್ತದೆ. ಮೇಲೆ ಹೇಳಿದ ಐಆರ್‌ಎಫ್3 ಇದೆಯಲ್ಲ, ಅದನ್ನೋ ಅದರಂತೆ ಸುದ್ದಿ ದಾಟಿಸುವ ಬೇರೆ ಪ್ರೋಟೀನುಗಳನ್ನೋ ಇದು ಕಸಕ್ಕೆ ಕಳಿಸಿಬಿಡುತ್ತದೆ, ಯಾವುದನ್ನು ಅನ್ನುವುದು ವೈರಸ್‌ನ ತಳಿಯ ಮೇಲೆ. ಸುದ್ದಿ ಹೊರಡುವ ಮೊದಲೇ ಫೋನ್ ಕಟ್. ಮಗುವಿಗೆ ಕಾಯಿಲೆ ಬಂತು ಅಂದರೆ ಮೊದಲ ಸುತ್ತಿನಲ್ಲಿ ವೈರಸ್ ಗೆದ್ದಿದೆ ಅಂತಲೇ ಅರ್ಥ.

---

ಗೋಣಿಕೊಪ್ಪ ವೆಟ್ ಉತ್ತರ:

ಹಂದಿ, ದನ ನೋಡುವವನು ನಾನು. ಮೇಲಿನವರು ಇಲಿ ಕಥೆ ಅಂತ ಮುಗಿಸಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಹಂದಿಮರಿಗಳಿಗೆ ಭೇದಿ ಹಿಡಿಸುವ ಪಿಇಡಿ ಅಂತ ಒಂದು ಕೊರೊನಾವೈರಸ್ ಇದೆ. ಹಂದಿಯ ಕರುಳಿನ ಜೀವಕೋಶಗಳಲ್ಲಿ ಅದನ್ನು ತಡೆಯುವುದರಲ್ಲಿ ಆಲ್ಫಾಗಿಂತ ಲ್ಯಾಂಬ್ಡಾ ಮೇಲು ಅಂತ 2017ರಲ್ಲಿ ತೋರಿಸಿದ್ದಾರೆ. ಲ್ಯಾಬಿನ ಜೀವಕೋಶದಲ್ಲಿ, ಗೂಡಿನಲ್ಲಿರುವ ಮರಿಯಲ್ಲಿ ಅಲ್ಲ. ಆದರೂ ಇಲಿಯೊಂದರಲ್ಲೇ ಅಲ್ಲ ಅನ್ನುವುದು ಮುಖ್ಯ.

ನಮ್ಮಲ್ಲಿ ಮರಿ ಹಾಕಿದ ದಿನಗಳಲ್ಲಿ ಕೇಳುವ ಮೊದಲ ಪ್ರಶ್ನೆ ಇಂಟರ್‌ಫೆರಾನ್ ಬಗ್ಗೆ ಅಲ್ಲ ಬಿಡಿ. "ಗಿಣ್ಣುಹಾಲು ಕುಡಿದಿದೆಯಾ?" ಅಂತ. ಹಂದಿಮರಿ, ಕರು ಎರಡೂ ತಾಯಿಯ ಆಂಟಿಬಾಡಿಯನ್ನು ಹೊಟ್ಟೆಯೊಳಗೆ ಪಡೆದು ಹುಟ್ಟುವುದಿಲ್ಲ. ಎಲ್ಲ ಬರುವುದು ಗಿಣ್ಣಿನಿಂದ. ಮೊದಲ ದಿನ ತಪ್ಪಿದರೆ ಆಮೇಲೆ ಕರುಳು ಅದನ್ನು ರಕ್ತಕ್ಕೆ ಬಿಡುವುದಿಲ್ಲ. ಮರಿಯ ಸ್ವಂತ ಇಂಟರ್‌ಫೆರಾನ್ ಒಂದೇ ನೆಚ್ಚಿ ಕೂತರೆ ನನ್ನ ಅನುಭವದಲ್ಲಿ ಗೂಡು ಖಾಲಿಯಾಗುತ್ತದೆ.

---

ತೋಟದ ರೈಟರ್ ಉತ್ತರ:

ಇಷ್ಟೆಲ್ಲ ಯಾಕೆ ಸ್ವಾಮಿ? ನಮ್ಮ ಲೈನ್‌ನವರು ಮೆಡಿಕಲ್ ಶಾಪಿಗೆ ಹೋಗಿ ಒಂದು ಆಂಟಿಬಯಾಟಿಕ್, ಒಂದು ಭೇದಿ ನಿಲ್ಲೋ ಮಾತ್ರೆ ತರುತ್ತಾರೆ. ಮಾರನೇ ದಿನ ಕಾಫಿ ಕೊಯ್ಯೋಕೆ ಬರುತ್ತಾರೆ. ಆಸ್ಪತ್ರೆಗೆ ಹೋದವರಿಗೆ ಬರೀ ಉಪ್ಪು-ಸಕ್ಕರೆ ಪುಡಿ ಕೊಟ್ಟು ಕಳಿಸುತ್ತಾರೆ. ಜನಕ್ಕೆ ಯಾವುದು ನಂಬಿಕೆ ಬರುತ್ತೆ ನೀವೇ ಹೇಳಿ.

---

ನಾಪೋಕ್ಲು ಟೀಚರ್:

ಕಾಡುಕಿತ್ತಳೆ ಅವರೇ, ವೆಟ್ ಸರ್, ತುಂಬಾ ಉಪಕಾರ. ಆನೆ ಮೆಸೇಜಿನ ಮಾತು ಕ್ಲಾಸಿನಲ್ಲಿ ಹೇಳಿದೆ, ಗಲಾಟೆಯೇ ಆಯಿತು. ಎಲ್ಲರ ಮನೆಯಲ್ಲೂ ಆ ಗ್ರೂಪ್ ಇದೆ! ಹುಡುಗಿಯ ಮುಂದಿನ ಪ್ರಶ್ನೆಗಳು ರೆಡಿ ಇವೆ. ಹಾಗಾದರೆ ದೊಡ್ಡವರಿಗೆ ಯಾಕೆ ಬರಲಿಲ್ಲ, ಅವರ ಲ್ಯಾಂಬ್ಡಾ ಜೋರಾ? ಮೊದಲ ಸುತ್ತು ವೈರಸ್ ಗೆದ್ದ ಮೇಲೂ ತಮ್ಮ ಹೇಗೆ ಹುಷಾರಾದ? ಲ್ಯಾಂಬ್ಡಾ ಅಷ್ಟು ಒಳ್ಳೆಯದಾದರೆ ಅದನ್ನೇ ಸಿರಪ್ ಮಾಡಿ ಯಾಕೆ ಕೊಡಬಾರದು?

ರೈಟರಣ್ಣ ಕೇಳಿದ್ದಕ್ಕೂ ಉತ್ತರ ಬೇಕು. ನಮ್ಮ ಮಕ್ಕಳ ಮನೆಗಳಲ್ಲೂ ಅದೇ ಮಾತು.

---

ಕಾಡುಕಿತ್ತಳೆ ಉತ್ತರ:

ದೊಡ್ಡವರ ವಿಷಯದಲ್ಲಿ ಮುಖ್ಯ ಕಾರಣ ಹಳೇ ಪರಿಚಯ. ಐದು ವರ್ಷ ತುಂಬುವುದರೊಳಗೆ ಹೆಚ್ಚುಕಮ್ಮಿ ಪ್ರತಿ ಮಗುವಿಗೂ ರೋಟಾವೈರಸ್ ಒಮ್ಮೆಯಾದರೂ ತಗುಲಿರುತ್ತದೆ. ಆಮೇಲೆ ಕರುಳಿನಲ್ಲಿ ಐಜಿಎ ಎಂಬ ಆಂಟಿಬಾಡಿ ಬೇಗ ಸಿಗುತ್ತದೆ. ಪ್ರತಿ ಸಲ ಕಾಯಿಲೆಯ ಜೋರು ಕಮ್ಮಿಯಾಗುತ್ತಾ ಹೋಗುತ್ತದೆ. ಟೀಚರ್ ಆಂಟಿಬಾಡಿ ಅಂದದ್ದು ಇಲ್ಲಿಗೆ ಸರಿಯಾಗಿ ಕೂರುತ್ತದೆ.

ರೋಟಾ ಲಸಿಕೆ ನಡೆಯುವುದೂ ಇದರ ಮೇಲೆಯೇ. ನಮ್ಮ ದೇಶದ ರೋಟಾವ್ಯಾಕ್ ಲಸಿಕೆಗೆ ಮೂಲವಾದ ವೈರಸ್ ಸಿಕ್ಕಿದ್ದು 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ. ನವಜಾತ ಶಿಶುಗಳಲ್ಲಿ ಇತ್ತು, ಆದರೆ ಅವಕ್ಕೆ ಭೇದಿಯೇ ಇರಲಿಲ್ಲ. ಡಾ. ಎಂ. ಕೆ. ಭಾನ್ ಅದರ ಹಿಂದೆ ಬಿದ್ದರು. 2016ರಲ್ಲಿ ನಾಲ್ಕು ರಾಜ್ಯಗಳಿಂದ ಶುರುವಾಗಿ ಸರ್ಕಾರಿ ಲಸಿಕೆ ಪಟ್ಟಿಗೆ ರೋಟಾ ಲಸಿಕೆ ಸೇರಿತು. 6, 10, 14ನೇ ವಾರಕ್ಕೆ ಬಾಯಿಗೆ ಹಾಕುತ್ತಾರೆ. ಜೋರಾದ ರೋಟಾ ಭೇದಿಯನ್ನು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಡೆಯುತ್ತದೆ. ಪೂರ್ತಿ ಅಲ್ಲ. ಹಾಗಾಗಿ ಲಸಿಕೆ ಹಾಕಿದ ಮಗುವಿಗೂ ಬಂದರೆ ಲಸಿಕೆಯೇ ಸುಳ್ಳು ಅನ್ನಬೇಡಿ.

ತಮ್ಮ ಹುಷಾರಾದದ್ದು ಹೇಗೆ? ವೈರಸ್ ಎಲ್ಲ ಜೀವಕೋಶಗಳಲ್ಲೂ ಫೋನ್ ಕಟ್ ಮಾಡಲಾರದು. ಕೆಲವು ಕಡೆಯಿಂದ ಸುದ್ದಿ ಹೊರಟೇ ಹೊರಡುತ್ತದೆ. ಕರುಳಿನ ಗೋಡೆಯಲ್ಲಿರುವ ಕೆಲವು ರೋಗನಿರೋಧಕ ಜೀವಕೋಶಗಳು ಐಎಲ್-22 ಎಂಬ ವಸ್ತು ಬಿಡುತ್ತವೆ. ಇಲಿಗಳಲ್ಲಿ ಅದು ಲ್ಯಾಂಬ್ಡಾಗೆ ಕೈಜೋಡಿಸಿದಾಗ ಪರಿಣಾಮ ಹೆಚ್ಚುತ್ತದೆ. ಇದರ ಜೊತೆಗೇ ಒಳಪದರ ತನ್ನನ್ನು ತಾನೇ ಬದಲಿಸಿಕೊಳ್ಳುತ್ತದೆ. ಕೆಳಗಿನ ಗುಳಿಗಳಲ್ಲಿ ಹೊಸ ಜೀವಕೋಶ ಹುಟ್ಟಿ ಮೇಲೆ ಏರುತ್ತವೆ, ತುದಿಯ ಹಳೆಯವು ಉದುರುತ್ತವೆ. ಮೂರರಿಂದ ಐದು ದಿನಕ್ಕೆ ಹೆಚ್ಚುಕಮ್ಮಿ ಪದರವೆಲ್ಲ ಹೊಸದು. ವೈರಸ್ ಹಿಡಿದದ್ದು ಉದುರಿ ಹೋಗುತ್ತದೆ, ಮೇಲೆ ಬರುವ ಹೊಸದಕ್ಕೆ ಇಂಟರ್‌ಫೆರಾನ್ ಸುದ್ದಿ ಮುಟ್ಟಿರುತ್ತದೆ. ಅಷ್ಟರಲ್ಲಿ ಆಂಟಿಬಾಡಿಯೂ ಬಾಗಿಲಿಗೆ ಬಂದಿರುತ್ತದೆ. ಆ ಒಂದು ವಾರದ ಲೆಕ್ಕ ಇದು. ಒಬ್ಬರಿಗೇ ಹಾರ ಹಾಕಲು ಆಗುವುದಿಲ್ಲ.

ಸಿರಪ್ ಆಗುವುದಿಲ್ಲ. ಇಂಟರ್‌ಫೆರಾನ್ ಪ್ರೋಟೀನು, ಹೊಟ್ಟೆಗೆ ಹೋದರೆ ಜೀರ್ಣವಾಗಿಬಿಡುತ್ತದೆ. ಇಂಜೆಕ್ಷನ್ ಆಗಬಹುದು. ಕೋವಿಡ್‌ಗೆ ಬ್ರೆಜಿಲ್ ಮತ್ತು ಕೆನಡಾದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಚರ್ಮದಡಿ ಒಂದೇ ಒಂದು ಲ್ಯಾಂಬ್ಡಾ ಇಂಜೆಕ್ಷನ್. ಪಡೆದವರಲ್ಲಿ ಶೇ. 2.7 ಜನ ಆಸ್ಪತ್ರೆ ಸೇರಬೇಕಾಯಿತು ಅಥವಾ ತುರ್ತು ವಿಭಾಗದಲ್ಲಿ ಹೊತ್ತು ಕಳೆಯಬೇಕಾಯಿತು. ಪಡೆಯದವರಲ್ಲಿ ಶೇ. 5.6. ಅಡ್ಡಪರಿಣಾಮ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಇದು ನನಗೆ ತುಂಬಾ ಹಿಡಿಸಿದ ವಿಷಯ. ಆದರೆ ಕೊಟ್ಟದ್ದು ರೋಗದ ಮೊದಲ ದಿನಗಳಲ್ಲಿ. ಮಗು ನಾಲ್ಕು ಸಲ ಭೇದಿ ಮಾಡಿ ಆಸ್ಪತ್ರೆಗೆ ಬರುವ ಹೊತ್ತಿಗೆ ತುದಿಯ ಜೀವಕೋಶಗಳು ಆಗಲೇ ಹೋಗಿರುತ್ತವೆ. ತಡವಾಗಿ, ಜಾಸ್ತಿ ದಿನ ಕೊಟ್ಟರೆ ಕೆಡುಕೂ ಇದೆ. ಇಲಿಗಳ ಶ್ವಾಸಕೋಶದಲ್ಲಿ ಲ್ಯಾಂಬ್ಡಾ ಬಹಳ ದಿನ ಉಳಿದಾಗ ಹಾಳಾದ ಪದರ ಮತ್ತೆ ಬೆಳೆಯುವುದೇ ನಿಧಾನವಾಯಿತು ಅಂತ 2020ರಲ್ಲಿ ಕಂಡರು. ಉದುರಿ ಬೆಳೆಯುವುದರ ಮೇಲೇ ನಿಂತಿರುವ ಕರುಳಿಗೆ ಇದು ಆಟದ ಮಾತಲ್ಲ.

ರೈಟರ್ ಸರ್, ಆಂಟಿಬಯಾಟಿಕ್ ಬಗ್ಗೆ ನಿಮಗೆ ಖುಷಿಯಾಗುವ ಒಂದು ವಿಷಯ ಹೇಳುತ್ತೇನೆ, ಆಮೇಲೆ ಅದನ್ನು ಕಿತ್ತುಕೊಳ್ಳುತ್ತೇನೆ. ಇಲಿಗಳಿಗೆ ಮೊದಲೇ ಆಂಟಿಬಯಾಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ತೆಗೆದರೆ ನೋರೋವೈರಸ್ ಬೇರೂರಲಿಲ್ಲ. ಲ್ಯಾಂಬ್ಡಾ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ಮಾತ್ರ ಈ ಉಪಾಯ ನಡೆಯಲಿಲ್ಲ. ಅಂದರೆ ವೈರಸ್ ಸಾಯಿಸಿದ್ದು ಆಂಟಿಬಯಾಟಿಕ್ ಅಲ್ಲ. ಕರುಳಿನ ಕೆಲವು ಬ್ಯಾಕ್ಟೀರಿಯಾ ಲ್ಯಾಂಬ್ಡಾಗೆ ಹೇಗೋ ಅಡ್ಡ ಬರುತ್ತಿದ್ದವು. ಆದರೆ ಅದು ವೈರಸ್ ತಗುಲುವ ಮುಂಚೆ, ಲ್ಯಾಬಿನ ಇಲಿಗೆ, ಹಲವು ಔಷಧಿ ಸೇರಿಸಿ ಕೊಟ್ಟದ್ದು. ನಿಮ್ಮ ಲೈನ್‌ನ ಮಗುವಿಗೆ ಕೊಟ್ಟರೆ ಆಂಟಿಬಯಾಟಿಕ್‌ನಿಂದಲೇ ಇನ್ನೊಂದು ಭೇದಿ ಶುರುವಾಗಬಹುದು. ಕೊಯ್ಲಿಗೆ ಮಾರನೇ ದಿನ ಬಂದವರು ದೊಡ್ಡವರು, ಹಳೇ ಪರಿಚಯ ಇದ್ದವರು. ಮಾತ್ರೆ ನುಂಗದಿದ್ದರೂ ಬಹುಶಃ ಬರುತ್ತಿದ್ದರು.

---

ವಿರಾಜಪೇಟೆ ಸಿಸ್ಟರ್ ಉತ್ತರ:

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಈಗ ರಿಟೈರ್ಡ್. ರೈಟರಣ್ಣ, ಆ ಭೇದಿ ನಿಲ್ಲುವ ಮಾತ್ರೆ ಸಣ್ಣ ಮಕ್ಕಳಿಗೆ ಕೊಡಲೇಬಾರದು. ಅದು ಕರುಳಿನ ಚಲನೆಯನ್ನು ಕಟ್ಟಿಹಾಕುತ್ತದೆ. ಭೇದಿ ನಿಂತ ಹಾಗೆ ಕಾಣುತ್ತದೆ, ಹೊಟ್ಟೆ ಉಬ್ಬಿ ಮಗು ಅಪಾಯಕ್ಕೆ ಬೀಳಬಹುದು. ದಯವಿಟ್ಟು ಲೈನ್‌ನಲ್ಲಿ ಹೇಳಿ.

"ಬರೀ ಉಪ್ಪು-ಸಕ್ಕರೆ ಪುಡಿ" ಅಂದಿರಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಬಂದಾಗ, ಸಲೈನ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಈ ಪುಡಿಯ ನೀರನ್ನೇ ಡ್ರಮ್ಮಿನಲ್ಲಿಟ್ಟು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಸಕ್ಕರೆ ಹೋಗುವ ದಾರಿಯಲ್ಲೇ ಉಪ್ಪು, ಅದರ ಹಿಂದೆ ನೀರು ಒಳಗೆ ಹೋಗುತ್ತದೆ. ವೈರಸ್ ಬಂದಾಗಲೂ ಆ ದಾರಿ ಪೂರ್ತಿ ಮುಚ್ಚುವುದಿಲ್ಲ. ಕಾಡುಕಿತ್ತಳೆ ಹೇಳಿದ ಆ ಒಂದು ವಾರ ಮಗು ಒಣಗದೆ ಉಳಿಯಬೇಕಲ್ಲ, ಅದಕ್ಕೇ ಪುಡಿ.

ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಅರ್ಧ ಪುಡಿ ಲೋಟಕ್ಕೆ ಹಾಕಿ ಕೊಡುವುದನ್ನು ಬಹಳ ನೋಡಿದ್ದೇನೆ, ಉಪ್ಪು ಜಾಸ್ತಿಯಾಗಿ ಕೆಡುತ್ತದೆ. 24 ಗಂಟೆ ಆದಮೇಲೆ ಉಳಿದದ್ದು ಚೆಲ್ಲಿ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಜಿಂಕ್ 14 ದಿನ, ಭೇದಿ ನಿಂತರೂ. ಕಣ್ಣು ಗುಳಿ ಬಿದ್ದರೆ, ಆರು ಗಂಟೆ ಉಚ್ಚೆ ಹೋಗದಿದ್ದರೆ, ಮಗು ಮಂಕಾಗಿ ಕುಡಿಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಜೀಪ್ ಹುಡುಕಿ, ಮಳೆ ನಿಲ್ಲಲಿ ಅಂತ ಕಾಯಬೇಡಿ.

ಮಗುವಿನ ಬಟ್ಟೆ ಬದಲಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್ ಇದೆಯಲ್ಲ ಅಂತ ಈಗಿನವರು ಹೇಳುತ್ತಾರೆ. ನೋರೋವೈರಸ್ ಆಗಿದ್ದರೆ ಅದು ಸರಿಯಾಗಿ ಸಾಯುವುದಿಲ್ಲ. ಭೇದಿ ನಿಂತ ಮೇಲೂ ಕೆಲವು ದಿನ ಮಗುವಿನ ಕಕ್ಕದಲ್ಲಿ ವೈರಸ್ ಬರುತ್ತಿರುತ್ತದೆ, ಹಾಗಾಗಿ ಆ ಬಟ್ಟೆಗಳನ್ನು ಬಾವಿಕಟ್ಟೆಯ ಮೇಲೆ ಒಗೆಯಬೇಡಿ.